ಪಡಿಯೂರಿನಲ್ಲಿ ಯಾರಿಗೂ ತ್ರಾಸವಿಲ್ಲ

ಆ ಕಾನೂನು ಬಂದು ಆಗಲೇ ಆರು ವರ್ಷವಾಗಿತ್ತು. ಸರಕಾರ ಯಾವುದೇ ಆದೇಶವನ್ನು ಜನರ ಮೇಲೆ ಹೇರುವ ಮುಂಚೆ, ಅದನ್ನು ಇಲ್ಲದ ಜನರ ಮೇಲೆ ಹೇರಿ ನೋಡಬೇಕು. ಇಲ್ಲದ ಜನರಿಗೆ ತ್ರಾಸವಾದರೆ ಆದೇಶ ವಾಪಸು, ಆಗದಿದ್ದರೆ ಇರುವ ಜನರ ಮೇಲೆ ಜಾರಿ. ಕೇಳಲು ತಮಾಷೆಯಾಗಿಯೇ ಇದೆ. ಆದರೆ ಅದಕ್ಕೂ ಹಿಂದೆ ಪ್ರಯೋಗವೆಲ್ಲ ನೇರವಾಗಿ ಇರುವವರ ಮೇಲೆಯೇ ನಡೆಯುತ್ತಿತ್ತಲ್ಲ, ಅದಕ್ಕಿಂತ ಇದು ವಾಸಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಸೋಮನಾಳದ ಇಲ್ಲದ ಜನರು ಇದ್ದದ್ದು ಅಲ್ಲಿಯ ವಿಶ್ವವಿದ್ಯಾಲಯದ ನೀತಿ ಅಧ್ಯಯನ ಕೇಂದ್ರದ ಎರಡನೇ ಮಹಡಿಯಲ್ಲಿ, ಒಂದು ತಣ್ಣನೆಯ ಕೋಣೆಯ ಕಪ್ಪು ಪೆಟ್ಟಿಗೆಗಳೊಳಗೆ. ಅದಕ್ಕೆ ಪಡಿಯೂರು ಎಂದು ಹೆಸರು. ಊರಿನಲ್ಲಿ ಎಷ್ಟು ಮನೆಗಳಿದ್ದವೋ ಪಡಿಯೂರಿನಲ್ಲೂ ಅಷ್ಟೇ. ಒಬ್ಬೊಬ್ಬರಿಗೂ ಒಂದೊಂದು ಪಡಿ, ಅವರದೇ ಪಡಿಯಚ್ಚು. ಮನೆಮನೆಗೆ ಹೋಗಿ ಇನ್ನೂರ ಹನ್ನೆರಡು ಪ್ರಶ್ನೆ ಕೇಳಿ, ಉತ್ತರಗಳನ್ನೂ ಹೇಳಿದವರ ಮಾತಿನ ಧಾಟಿಯನ್ನೂ ಯಂತ್ರಕ್ಕೆ ಉಣಿಸಿದರೆ, ಅವರಂತೆಯೇ ಏಳುವ, ದುಡಿಯುವ, ಬಸ್ಸು ಹಿಡಿಯುವ, ಬೇಸತ್ತು ಸುಮ್ಮನಾಗುವ ಪಡಿ ಸಿದ್ಧವಾಗುತ್ತಿತ್ತು. ಹೊಸ ಆದೇಶ ಬಂದಾಗ ಪಡಿಯೂರಿನಲ್ಲಿ ಒಂದು ವರ್ಷ ಓಡಿಸಿ ನೋಡುವುದು. ಆ ವರ್ಷ ನಲವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆದೇಶ ಯಾರಿಗೆ ತಟ್ಟುತ್ತದೋ ಅವರ ಪಡಿಗಳನ್ನು ವಾರಕ್ಕೊಮ್ಮೆ ಕೇಳುವ ಪ್ರಶ್ನೆ ಒಂದೇ: ನಿಮಗೆ ತ್ರಾಸ ಆಗಿದೆಯೇ, ಹತ್ತಕ್ಕೆ ಎಷ್ಟು? ಉತ್ತರಗಳ ಸರಾಸರಿಗೆ ಸಂಕಟಮಾನ ಎನ್ನುತ್ತಿದ್ದರು. ಅದು ಆರು ದಾಟಿದರೆ ಮಂತ್ರಿಯೇ ಬಂದು ಕೂತರೂ ಆದೇಶ ಮುಂದೆ ಹೋಗುವಂತಿರಲಿಲ್ಲ.

ಇಷ್ಟು ದೊಡ್ಡ ಯಂತ್ರದ ಕಾಲುಗಳು ಮಾತ್ರ ವಿದ್ಯಾರ್ಥಿಗಳವು. ಎಂ.ಎ. ಓದುತ್ತ ವಾರಕ್ಕೆ ಇಪ್ಪತ್ತು ತಾಸು ದುಡಿಯುವ ಹನ್ನೆರಡು ಜನ ಸಂಶೋಧನಾ ಸಹಾಯಕರು ಬಿಸಿಲಲ್ಲಿ ಓಣಿಓಣಿ ತಿರುಗಿ ಪ್ರಶ್ನೆ ಕೇಳುತ್ತಿದ್ದರು, ತಂದ ಉತ್ತರಗಳ ಕಸಕಡ್ಡಿ ತೆಗೆದು ಹಸನು ಮಾಡುತ್ತಿದ್ದರು. ಹಸನು ಮಾಡುವುದರಲ್ಲಿ ನೇಕಾರ ಓಣಿಯ ಬನಶ್ರೀಯದು ಎತ್ತಿದ ಕೈ. ಅವಳು ಸೇರಿದ ಹೊಸತರಲ್ಲಿ ಬೀಗ ಹಾಕಿದ ಮನೆಗಳ ಖಾಲಿ ಸಾಲುಗಳು ಲೆಕ್ಕವನ್ನೆಲ್ಲ ಕೆಡಿಸುತ್ತಿದ್ದವು. ಬನಶ್ರೀ ಒಂದು ನಿಯಮ ಬರೆದಳು. ಉತ್ತರವಿಲ್ಲದ ಸಾಲಿಗೆ ತೊಂಬತ್ತೊಂಬತ್ತು ಎಂದು ಗುರುತು ಹಾಕುವುದು, ಆ ಗುರುತಿನ ಸಾಲನ್ನು ಸರಾಸರಿಯಿಂದ ಬಿಡುವುದು. ಒಂದೇ ದಿನದಲ್ಲಿ ಲೆಕ್ಕ ತಿಳಿಯಾಯಿತು. ಕೇಂದ್ರದ ನಿರ್ದೇಶಕಿ ಇಂದುಮತಿ ದೇಸಾಯಿ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಅವರೇ ಅಂದು ಎಲ್ಲರೆದುರು "ಕೆಲಸ ಅಂದ್ರೆ ಹೀಗಿರಬೇಕು" ಎಂದಿದ್ದರು. ಬನಶ್ರೀ ಆ ಮಾತನ್ನು ಮನೆಗೆ ಹೋಗಿ ಅವ್ವನಿಗೆ ಮೂರು ಸಲ ಹೇಳಿದ್ದಳು.

ಆ ಬುಧವಾರ ಅವಳ ಮೇಜಿಗೆ ಬಂದದ್ದು ಆರೋಗ್ಯ ಇಲಾಖೆಯ ಒಂದು ಆದೇಶದ ಕರಡು. ಸೋಮನಾಳದ ಆಸ್ಪತ್ರೆಯಲ್ಲಿರುವ ಆರು ಡಯಾಲಿಸಿಸ್ ಯಂತ್ರಗಳನ್ನು ಐವತ್ತೆಂಟು ಕಿಲೋಮೀಟರ್ ಆಚೆಯ ಜಿಲ್ಲಾ ಆಸ್ಪತ್ರೆಗೆ ಸಾಗಿಸುವುದು. ಅಲ್ಲಿ ತಜ್ಞರಿದ್ದಾರೆ, ಹೊಸ ಕಟ್ಟಡವಿದೆ, ಎಲ್ಲವೂ ಒಂದೇ ಸೂರಿನಡಿ. ತಟ್ಟುವುದು ಇಪ್ಪತ್ಮೂರು ರೋಗಿಗಳಿಗೆ. ಆ ಇಪ್ಪತ್ಮೂರರಲ್ಲಿ ಒಬ್ಬಳು ತನ್ನ ಅವ್ವ ನೀಲವ್ವ ಎಂಬುದು ಬನಶ್ರೀಗೆ ಓದುತ್ತಲೇ ಹೊಳೆಯಿತು. ಮೂರು ವರ್ಷದಿಂದ ನೀಲವ್ವ ಮಂಗಳವಾರ, ಗುರುವಾರ, ಶನಿವಾರ ತಪ್ಪದೆ ಆ ಯಂತ್ರಕ್ಕೆ ತೋಳು ಚಾಚಿ ನಾಲ್ಕು ತಾಸು ಮಲಗಿ ಬರುತ್ತಿದ್ದಳು. ಅದಿಲ್ಲದೆ ಅವಳ ರಕ್ತ ಹಸನಾಗುತ್ತಿರಲಿಲ್ಲ.

ಆದರೂ ಬನಶ್ರೀಗೆ ಗಾಬರಿಯಾಗಲಿಲ್ಲ. ಪಡಿಯೂರು ಇದೆಯಲ್ಲ, ಅದು ಇಂಥದ್ದನ್ನು ಹಿಡಿದೇ ಹಿಡಿಯುತ್ತದೆ. ಅವಳಿಗೆ ಅದರ ಮೇಲೆ ಅಷ್ಟು ಭರವಸೆ.

ನಲವತ್ತು ನಿಮಿಷ ಕಳೆದು ಪರದೆಯ ಮೇಲೆ ಸಂಕಟಮಾನದ ಗೆರೆ ಮೂಡಿತು. ಮೊದಲ ವಾರ ಎರಡು. ಹತ್ತನೇ ವಾರ ಎರಡು. ಇಪ್ಪತ್ತನೇ ವಾರದ ಹೊತ್ತಿಗೆ ಒಂದೂವರೆ. ವರ್ಷದ ಕೊನೆಗೆ ಒಂದು. ಕೆಳಗೆ ಹಸಿರು ಅಕ್ಷರದಲ್ಲಿ ಬರೆದಿತ್ತು: ಆದೇಶ ಸಹನೀಯ.

ಪಕ್ಕದ ಮೇಜಿನ ಫಕೀರೇಶ ಬಗ್ಗಿ ನೋಡಿದ. ನೇಕಾರ ಓಣಿಯ ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ ಬಂದವನು ಅವನೇ. ಸಹಾಯಕರು ತಮ್ಮ ಮನೆಯವರನ್ನು ತಾವೇ ಕೇಳಬಾರದು ಎಂದು ನಿಯಮವಿತ್ತು. "ಭಾರೀ ಚಲೋ ಬಂದೈತಲ್ಲ" ಎಂದ.

"ಇಷ್ಟು ಚಲೋ ಹೆಂಗ ಬರ್ತೈತಿ?" ಎಂದಳು ಬನಶ್ರೀ. "ಅಷ್ಟು ದೂರ ಅಂದ್ರ ತ್ರಾಸ ಇಳೀತೈತೇನು?"

ಅವಳು ಸಾಲುಗಳನ್ನು ತೆರೆದಳು. ಮೊದಲ ವಾರ ಉತ್ತರ ಕೊಟ್ಟ ಪಡಿಗಳು ಇಪ್ಪತ್ಮೂರು. ವರ್ಷದ ಕೊನೆಗೆ ಹದಿನಾಲ್ಕು. ಮಿಕ್ಕ ಒಂಬತ್ತರ ಮುಂದೆ ತೊಂಬತ್ತೊಂಬತ್ತು ಎಂದಿತ್ತು. ಬಾಗಿಲಿಗೆ ಬೀಗ ಇರಬೇಕು ಎಂದುಕೊಂಡು ಅವಳು ಮುಂದಿನ ಸಾಲಿಗೆ ಹೊರಟವಳು ಅಲ್ಲಿಯೇ ನಿಂತಳು. ಪಡಿಯೂರಿನಲ್ಲಿ ಬೀಗಗಳೇ ಇಲ್ಲ. ಅಲ್ಲಿ ಯಾರೂ ಜಾತ್ರೆಗೆ ಹೋಗುವುದಿಲ್ಲ, ತವರಿಗೆ ಹೋಗುವುದಿಲ್ಲ. ಕೇಳಿದ ಪ್ರಶ್ನೆಗೆ ಪಡಿ ಉತ್ತರ ಕೊಡದಿರಲು ಒಂದೇ ಒಂದು ಕಾರಣವಿರಲು ಸಾಧ್ಯ.

ಒಂಬತ್ತರಲ್ಲಿ ಮೊದಲು ಕಂಡದ್ದನ್ನು ತೆರೆದಳು. ಪಡಿಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ವಾರವಾರದ ದಿನಚರಿ ಸಾಲಾಗಿ ಬಂತು. ಮೊದಲ ವಾರ ಜಿಲ್ಲಾ ಆಸ್ಪತ್ರೆಗೆ ಮೂರು ಸಲ ಹೋಗಿದೆ. ಮೂರನೇ ವಾರ ಎರಡು ಸಲ. ಆರನೇ ವಾರ ಒಂದು ಸಲ, ಬಸ್ಸಿನಲ್ಲಿ ನಿಂತು. ಒಂಬತ್ತನೇ ವಾರ ಹೋಗಿಲ್ಲ. ಪ್ರತಿ ವಾರವೂ ಅದೇ ಪ್ರಶ್ನೆಗೆ ಅದೇ ಉತ್ತರ, ಯಂತ್ರ ಕಲಿತಿಟ್ಟುಕೊಂಡ ಅದೇ ಮಾತಿನಲ್ಲಿ:

"ಏನೂ ತ್ರಾಸ ಇಲ್ಲ ತಮ್ಮಾ. ನೀ ಮೊದ್ಲ ಚಾ ಕುಡಿ, ಆರಿ ಹೋಗ್ತೈತಿ."

ಹತ್ತನೇ ವಾರವೂ ಇದೇ. ಹನ್ನೊಂದನೇ ವಾರ ತೊಂಬತ್ತೊಂಬತ್ತು.

ಚಾ ಆರಿ ಹೋಗ್ತೈತಿ ಎಂಬ ಆ ಮಾತನ್ನು ಬನಶ್ರೀ ಹುಟ್ಟಿದಾಗಿನಿಂದ ಕೇಳಿದ್ದಳು. ತನ್ನ ಮನೆಯ ಪಡಿ ಎಂದು ಗುರುತು ಸಿಕ್ಕ ಕೂಡಲೇ ಮುಚ್ಚಿ, ದಾಖಲೆ ಪುಸ್ತಕದಲ್ಲಿ ಬರೆದು, ಎದ್ದು ಹೋಗಬೇಕು. ಮುಚ್ಚದಿದ್ದರೆ ಕೆಲಸ ಹೋಗುತ್ತದೆ. ಇದು ಸೇರುವಾಗ ಸಹಿ ಮಾಡಿಸಿಕೊಳ್ಳುವ ಮೊದಲ ಷರತ್ತು. ಬನಶ್ರೀ ಮುಚ್ಚಲಿಲ್ಲ. ಮೊದಲ ವಾರದಿಂದ ಹನ್ನೊಂದನೇ ವಾರದವರೆಗೆ ಇನ್ನೊಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಅವ್ವನ ಪಡಿ ಸತ್ತದ್ದನ್ನು ಯಂತ್ರ ಬನಶ್ರೀ ಬರೆದ ನಿಯಮದ ಪ್ರಕಾರವೇ ಲೆಕ್ಕದಿಂದ ಬಿಟ್ಟಿತ್ತು. ಸಾಯುವವರು ಹೆಚ್ಚಾದಂತೆ ಸಂಕಟಮಾನ ಇಳಿಯುತ್ತ ಹೋಗಿತ್ತು. ಈ ನಿಯಮ ಬರೆದದ್ದಕ್ಕೇ ಅವಳು ಎಲ್ಲರೆದುರು ಹೊಗಳಿಸಿಕೊಂಡಿದ್ದಳು.

ನೆಟ್ಟಗೆ ದೇಸಾಯಿ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು, ಮುಚ್ಚದೆ ಓದಿದ್ದನ್ನೂ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟು ಸಲ ಓದಿದೆ?"

"ಮೂರು ಸಲ, ಮೇಡಂ."

"ಪುಸ್ತಕದಲ್ಲಿ ಬರಿ. ಇವತ್ತಿನಿಂದ ನೀನು ಕೆಲಸದಲ್ಲಿಲ್ಲ. ಅದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ತೊಂಬತ್ತೊಂಬತ್ತರ ತಪ್ಪನ್ನು ನಾನು ಸರಿಪಡಿಸ್ತೀನಿ. ಆದರೆ ಅಷ್ಟರಿಂದ ಆದೇಶ ನಿಲ್ಲಲ್ಲ ಬನಶ್ರೀ. ಸೋಮವಾರ ಸಾರ್ವಜನಿಕ ವಿಚಾರಣೆ ಇದೆ. ಇಲಾಖೆಯವರು ಕೇಳೋದು ಒಂದೇ ಪ್ರಶ್ನೆ: ತ್ರಾಸವೇ ಇಲ್ಲ ಅಂದವರು ಸತ್ತದ್ದು ಹೇಗೆ? ಇದು ಯಂತ್ರದ ದೋಷ ಅಂತಾರೆ. ಕಾನೂನು ನಂಬೋದು ಜನರ ಬಾಯಿಂದ ಬಂದ ಉತ್ತರವನ್ನು. ಇಪ್ಪತ್ಮೂರೂ ಜನ ತ್ರಾಸ ಇಲ್ಲ, ಇದ್ದರೂ ಒಂಚೂರು ಅಂತಲೇ ಹೇಳಿದ್ದಾರೆ."

"ಅವರು ಹಂಗ ಹೇಳೂದು, ಮೇಡಂ. ಮನಿಗೆ ಬಂದವರ ಮುಂದ ಯಾರು ತ್ರಾಸ ಹೇಳ್ತಾರ?"

"ಹಾಗಾದ್ರೆ ಸೋಮವಾರದೊಳಗೆ ಮತ್ತೆ ಕೇಳಿಸಬೇಕು. ಫಕೀರೇಶನನ್ನು ಕಳಿಸ್ತೀನಿ. ನೀನು ಬಾಯಿ ಹಾಕಕೂಡದು."

ಬನಶ್ರೀ ಪುಸ್ತಕದಲ್ಲಿ ಬರೆದು, ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಬಂದಳು.

ಮನೆಯಲ್ಲಿ ನೀಲವ್ವ ಮಗ್ಗದ ಪಕ್ಕ ಕೂತು ಲಾಳಿ ಒರೆಸುತ್ತಿದ್ದಳು. ಈಗ ನೇಯಲು ಆಗುತ್ತಿರಲಿಲ್ಲ, ಒರೆಸುವುದನ್ನು ಬಿಟ್ಟಿರಲಿಲ್ಲ. "ಇವತ್ತ ಲಗೂನ ಬಂದಿ?" ಎಂದಳು.

"ಕೆಲಸ ಲಗೂನ ಮುಗೀತು" ಎಂದಳು ಬನಶ್ರೀ. ಬಂದ ಕೂಡಲೇ ಕೇಳುವ ಪ್ರಶ್ನೆಯನ್ನು ಅಂದೂ ಕೇಳಿದಳು, "ಹೆಂಗದೀ ಅವ್ವಾ?"

"ಏನೂ ತ್ರಾಸ ಇಲ್ಲವಾ. ಕೈಕಾಲು ತೊಳಕೊ, ಚಾ ಮಾಡ್ತೀನಿ."

ಪರದೆಯ ಮೇಲೆ ಓದಿದ ಮಾತು ಮಗ್ಗದ ಕಡೆಯಿಂದ ಜೀವಂತ ಬಂದಿತ್ತು. ನೀಲವ್ವ ಗೋಡೆಗೆ ಕೈಯೂರಿ ಎದ್ದಳು. ಗೋಡೆಯ ಸುಣ್ಣದಲ್ಲಿ ಆಕೆ ಕೈಯೂರುವ ಕಡೆಯೆಲ್ಲ ಕಂದು ಗುರುತು ಬಿದ್ದಿತ್ತು, ಮಗ್ಗದಿಂದ ಒಲೆಯವರೆಗೆ ಸಾಲಾಗಿ. ಇದು ಯಾವಾಗಿನಿಂದ ಇತ್ತೋ ಬನಶ್ರೀಗೆ ನೆನಪಾಗಲಿಲ್ಲ. ಊರಿನ ಮನೆಗಳ ಉತ್ತರವನ್ನೆಲ್ಲ ಹಸನು ಮಾಡಿದವಳು ಸ್ವಂತ ಮನೆಯ ಗೋಡೆ ನೋಡಿರಲಿಲ್ಲ.

ಗುರುವಾರ ಆಸ್ಪತ್ರೆಗೆ ಅವ್ವನ ಜೊತೆ ತಾನೂ ಹೋದಳು. "ನೀ ಯಾಕ ಬರ್ತೀ, ಕಾಲೇಜ ಇಲ್ಲೇನ?" ಎಂದು ನೀಲವ್ವ ದಾರಿಯುದ್ದಕ್ಕೂ ಗೊಣಗಿದಳು. ಬನಶ್ರೀ ಹೊರಗಿನ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಫಕೀರೇಶ ಬೆವರೊರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಸಿದ. ಬೆಳಗಿನಿಂದ ಎಂಟು ಮನೆಗೆ ಹೋಗಿದ್ದ.

"ಎಂಟು ಚಾ ಆತು" ಎಂದ. "ಒಂದು ಮನ್ಯಾಗ ಅವಲಕ್ಕಿನೂ ಕೊಟ್ರು. ಆ ಅಜ್ಜಗ ಕಾಲು ಇಷ್ಟು ದಪ್ಪ ಬಾತಾವು. ಕೇಳಿದ್ರ, ನಮಗೇನ್ ತ್ರಾಸ ತಮ್ಮಾ, ನೀನ ಬಿಸಲಾಗ ಬಂದೀ ಅಂತಾನ. ಎಂಟಕ್ಕ ಎಂಟೂ ಹಿಂಗ. ಚಾ ಒಲ್ಲೆ ಅಂದ್ರ ಬಾಗಲದಾಗ ನಿಂದ್ರಸೂದಿಲ್ಲ, ಕುಡದ್ರ ತ್ರಾಸ ಹೇಳೂದಿಲ್ಲ. ನಾ ಏನ್ ಮಾಡ್ಲಿ?"

ಅವನನ್ನು ಬೈಯಲು ಬನಶ್ರೀಗೆ ಮನಸ್ಸಾಗಲಿಲ್ಲ. ಅವಳೇ ಹೋಗಿದ್ದರೂ ಅಷ್ಟೇ ಆಗುತ್ತಿತ್ತು.

ಆಗ ಒಳಗಿನಿಂದ ನಗು ಕೇಳಿಸಿತು. ಅವ್ವನ ನಗು. ಅದರ ಬೆನ್ನಿಗೆ ಇನ್ನೊಂದು ದನಿ, ಒರಟಾದದ್ದು, ಏನೋ ಬೈಯುತ್ತ. ಬನಶ್ರೀ ಎದ್ದು ಬಾಗಿಲ ಪರದೆ ಸರಿಸಿದಳು. ಅವ್ವನ ಪಕ್ಕದ ಹಾಸಿಗೆಯಲ್ಲಿ ಬಳೆಗಾರ್ತಿ ಖೈರೂನಬಿ ಮಲಗಿದ್ದಳು. ಇಬ್ಬರ ತೋಳಿನಿಂದಲೂ ಕೆಂಪು ಕೊಳವೆಗಳು ಯಂತ್ರಕ್ಕೆ ಹೋಗಿದ್ದವು. ಖೈರೂನಬಿ ಹೇಳುತ್ತಿದ್ದಳು, "ಅಲ್ಲಾ ನೀಲವ್ವಾ, ನೆಲಕ್ಕ ಬಿದ್ದೀ ಅಂತೀ, ಮತ್ತ ಮಗಳಿಗೆ ಹೇಳೀಯಿಲ್ಲೋ..." ಅಷ್ಟರಲ್ಲಿ ನೀಲವ್ವ ಬಾಗಿಲ ಕಡೆ ನೋಡಿ ಕಣ್ಸನ್ನೆ ಮಾಡಿದಳು. ಖೈರೂನಬಿ ಮಾತು ನಿಲ್ಲಿಸಿ ಛಾವಣಿ ನೋಡತೊಡಗಿದಳು.

"ಏನೂ ಇಲ್ಲವಾ, ಸುಮ್ನ ಮಾತಾಡಾಕತ್ತಿದ್ವಿ" ಎಂದಳು ನೀಲವ್ವ.

ಬನಶ್ರೀ ಪರದೆ ಬಿಟ್ಟು ಹೊರಬಂದಳು. "ಫಕೀರೇಶ, ನಿಯಮದಾಗ ಪ್ರಶ್ನೆ ಯಾರು ಕೇಳಬೇಕು ಅಂತ ಐತಿ?"

"ರಕ್ತಸಂಬಂಧ ಇರಬಾರದು. ತರಬೇತಿ ಆಗಿರಬೇಕು. ಪ್ರಶ್ನೆ ಬರದಾಂಗ ಓದಬೇಕು, ದನಿ ಮುದ್ರಿಸಬೇಕು."

"ವಿದ್ಯಾರ್ಥಿನ ಆಗಬೇಕಂತ ಐತೇನು?"

ಅವನು ಯೋಚಿಸಿದ. "ಇಲ್ಲ. ಹಂಗ ಬರದಿಲ್ಲ."

"ಹಂಗಾದ್ರ ನೀ ಯಾರನ್ನೂ ಕೇಳಬ್ಯಾಡ. ಇಲ್ಲಿ ಮಲಗಿದವರಿಗೇ ತರಬೇತಿ ಕೊಡು. ಒಂದು ಹಾಸಿಗಿಯವರು ಇನ್ನೊಂದು ಹಾಸಿಗಿಯವರನ್ನ ಕೇಳ್ಲಿ. ಅವರು ಮನಿಗೆ ಬಂದ ಪಾವ್ಣೇರಲ್ಲ, ಒಬ್ಬರಿಗೊಬ್ಬರು ಚಾ ಕೊಡೂದಿಲ್ಲ. ಮೇಡಂಗ ಹೇಳು, ಒಪ್ತಾರ. ನಾ ಹೇಳಿದೆ ಅಂತ ಮಾತ್ರ ಅನಬ್ಯಾಡ." ಎರಡು ಹೆಜ್ಜೆ ನಡೆದವಳು ತಿರುಗಿ, "ಬ್ಯಾಡ, ಹೇಳು. ಅದನ್ನೂ ಪುಸ್ತಕದಾಗ ಬರೀಲಿ" ಎಂದಳು.

ಮೇಡಂ ಬರೆದುಕೊಂಡರು, ಒಪ್ಪಿದರು. ಶುಕ್ರವಾರದ ಗುಂಪಿನ ಹನ್ನೊಂದು ಜನ, ಶನಿವಾರದ ಗುಂಪಿನ ಹನ್ನೆರಡು ಜನ. ಫಕೀರೇಶ ಒಬ್ಬೊಬ್ಬರಿಗೂ ಪ್ರಶ್ನೆಪತ್ರಿಕೆ ಓದಲು ಕಲಿಸಿ, ಮುದ್ರಿಸುವ ಡಬ್ಬಿಯನ್ನು ಹಾಸಿಗೆಗಳ ನಡುವೆ ಸ್ಟೂಲಿನ ಮೇಲಿಟ್ಟು, ಬಾಗಿಲಾಚೆ ಹೋಗಿ ಕೂತ. ಓದಲು ಬಾರದ ಇಬ್ಬರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರಂತೆ. ಎರಡೂ ದಿನ ಬನಶ್ರೀ ಆ ಕಡೆ ಹಾಯಲಿಲ್ಲ. ಮನೆಯಲ್ಲಿ ಕೂತು ಮಗ್ಗ ನೋಡಿದಳು. ಶನಿವಾರ ಅವ್ವ ಮನೆಗೆ ಬಂದು ಎಂದಿನಂತೆ ಮಲಗಿದಳು, ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಕೇಂದ್ರದ ಸಭಾಂಗಣದಲ್ಲಿ ಇಲಾಖೆಯವರು ಮುಂದಿನ ಸಾಲಿನಲ್ಲಿ, ಊರಿನವರು ಹಿಂದೆ. ಬನಶ್ರೀ ಊರಿನವರ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು. ದೇಸಾಯಿ ಮೇಡಂ ಎದ್ದು ನಿಂತು ಮೊದಲು ಕೇಂದ್ರದ ತಪ್ಪನ್ನೇ ಹೇಳಿದರು: ಸತ್ತ ಪಡಿಗೂ ಬೀಗ ಹಾಕಿದ ಮನೆಗೂ ಒಂದೇ ಗುರುತು ಹಾಕುತ್ತ ಬಂದಿದ್ದೆವು. ಇಲಾಖೆಯ ಅಧಿಕಾರಿ ಕೇಳಿದ್ದು ಮೇಡಂ ಅಂದುಕೊಂಡಿದ್ದ ಪ್ರಶ್ನೆಯನ್ನೇ. "ತ್ರಾಸ ಇಲ್ಲ ಅಂತ ಜನರೇ ಹೇಳಿದ್ದಾರಲ್ಲ, ಮೇಡಂ?"

"ಈಗ ಮತ್ತೆ ಕೇಳಿಸಿದ್ದೇವೆ" ಎಂದು ಮೇಡಂ ಗುಂಡಿ ಒತ್ತಿದರು. ಹೆಸರುಗಳನ್ನು ತೆಗೆದಿದ್ದರು. ಯಂತ್ರಗಳ ಸದ್ದಿನ ನಡುವೆ ಒಂದೊಂದೇ ದನಿ ಬಂತು. ಬಾತ ಕಾಲಿನ ಅಜ್ಜನದು. ಶಾಲೆಯ ಮಾಸ್ತರೊಬ್ಬರದು. ಆರನೆಯದಾಗಿ ಒಂದು ಒರಟು ದನಿ, ಅಕ್ಷರ ಕೂಡಿಸಿ ಓದುತ್ತ:

"ನಿಮಗೆ... ತ್ರಾಸ... ಆಗಿದೆಯೇ. ಹತ್ತಕ್ಕೆ ಎಷ್ಟು."

"ಏ, ನಿನಗ ಗೊತ್ತಿಲ್ಲೇನ?" ಎಂದು ನಗು.

"ನನಗ ಗೊತ್ತೈತಿ. ಈ ಡಬ್ಬಿಗೆ ಗೊತ್ತಿಲ್ಲಂತ. ಹೇಳು."

ಆಮೇಲೆ ಬನಶ್ರೀ ತನ್ನ ಜೀವಮಾನದಲ್ಲೇ ಕೇಳದಿದ್ದ ಒಂದು ದನಿಯಲ್ಲಿ ಅವಳ ಅವ್ವ ಮಾತಾಡಿದಳು. "ಹೇಳ್ತೀನಿ. ಇಲ್ಲಿಂದ ಮನಿಗೆ ಹೋದ ದಿನ ಕಾಲು ನೆಲಕ್ಕ ಊರೂದಿಲ್ಲ, ಗ್ವಾಡಿ ಹಿಡಕೊಂಡು ನಡೀತೀನಿ. ಎರಡು ಸಲ ಬಿದ್ದೀನಿ. ನೀರಡಿಕಿ ಆಗ್ತೈತಿ, ಕುಡಿಯಾಂಗಿಲ್ಲ. ನೀರಾಗ ಅದ್ದಿದ ಅರಿವಿ ತುಟಿಗಿ ಇಟ್ಕೋತೀನಿ. ಅಡ್ಡಾದ್ರ ಉಸಿರು ಆಡೂದಿಲ್ಲ, ಎದ್ದು ಕುಂದರ್ತೀನಿ. ಇನ್ನ ಅಷ್ಟು ದೂರ ಹೋಗ್ರಿ ಅಂದ್ರ ನಾಕು ಸಲ ಹೋದೇನು, ಐದನೇದ್ದಕ್ಕ ಬಿಡ್ತೀನಿ. ಬಿಟ್ರ ಏನಾಗ್ತೈತಿ ಅನ್ನೂದು ನನಗೂ ಗೊತ್ತು, ನಿನಗೂ ಗೊತ್ತು. ಹತ್ತಂತ ಬರಿ."

"ಮಗಳಿಗೆ ಹೇಳೀಯೇನು?" ಇದು ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ.

"ಆಕಿಗೆ ಹೆಂಗ ಹೇಳ್ಲಿ? ದಿನಾ ಬಂದು ಕೇಳ್ತಾಳ, ಪಾಪ. ಹೇಳಿದ್ರ ಓದು ಬಿಟ್ಟು ನನ್ನ ಮುಂದ ಕುಂದರ್ತಾಳ. ಇಂದಲ್ಲ ನಾಳೆ ಹೋಗೂ ಹುಡುಗಿ, ಪಾವ್ಣೇರು ಇದ್ದಂಗ. ಇದ್ದಷ್ಟು ದಿನ ಬೇಶಿ ಇರಲಿ."

ಬನಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಿನಾ ಸಂಜೆ ಪ್ರಶ್ನೆ ಕೇಳಿ, ಉತ್ತರ ಪಡೆದು, ಚಾ ಕುಡಿದು ತೃಪ್ತಿಯಾಗಿ ಓದಲು ಕೂತ ಮೊದಲ ಸಹಾಯಕಿ ತಾನೇ ಆಗಿದ್ದಳು.

ಹೊಸ ಉತ್ತರಗಳೊಂದಿಗೆ ಪಡಿಯೂರನ್ನು ಎಲ್ಲರೆದುರು ಮತ್ತೆ ಓಡಿಸಿದರು. ಐದನೇ ವಾರಕ್ಕೇ ಸಂಕಟಮಾನ ಆರು ದಾಟಿತು. ಆದೇಶ ಇಲಾಖೆಗೆ ವಾಪಸಾಯಿತು, ಆರು ಯಂತ್ರಗಳೂ ಸೋಮನಾಳದಲ್ಲಿ ಉಳಿದವು. ಹೊರಗೆ ಮೆಟ್ಟಿಲ ಬಳಿ ದೇಸಾಯಿ ಮೇಡಂ ಬನಶ್ರೀಯನ್ನು ನಿಲ್ಲಿಸಿದರು. "ಕೆಲಸ ವಾಪಸು ಕೊಡೋಕೆ ಆಗಲ್ಲಮ್ಮ. ನಾನೇ ಮುರಿದರೆ ನಿಯಮ ಉಳಿಯಲ್ಲ."

"ಗೊತ್ತೈತಿ, ಮೇಡಂ" ಎಂದಳು ಬನಶ್ರೀ. ಮೇಡಂ ಅವಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಬಂದಾಗ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಸುದ್ದಿ ಅವಳಿಗಿಂತ ಮುಂಚೆ ಓಣಿ ಸೇರಿತ್ತು. ನೀಲವ್ವ ಮಗ್ಗದ ಪಕ್ಕದಲ್ಲೇ ಇದ್ದಳು, ಲಾಳಿ ಕೈಯಲ್ಲಿ. ಮಗಳ ಖಾಲಿ ಕೊರಳನ್ನು ನೋಡಿದಳು, ಗುರುತಿನ ಚೀಟಿ ಇರಲಿಲ್ಲ.

"ಕೆಲಸ ಹೋತಂತಲ್ಲವಾ? ನನ್ನ ಸಲುವಾಗಿ. ಭಾಳ ತ್ರಾಸ ಆತೇನು?"

"ಏನೂ..." ಎಂದು ಶುರುಮಾಡಿ ಬನಶ್ರೀ ನಿಂತಳು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹುಟ್ಟಿದ ಮನೆಯಿಂದ ಬಂದದ್ದು. ಅವಳು ಚಪ್ಪಲಿ ಕಳಚಿ ಒಳಗೆ ಬಂದು ಅವ್ವನ ಮೊಣಕಾಲಿಗೆ ಒರಗಿ ನೆಲದ ಮೇಲೆ ಕೂತಳು.

"ಹೌದವ್ವಾ. ಭಾಳ ತ್ರಾಸ ಆತು."

ನೀಲವ್ವ ಚಾ ಮಾಡಲು ಏಳಲಿಲ್ಲ. ಲಾಳಿಯನ್ನು ಕೆಳಗಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳನ್ನು ಮಗಳ ಹೆಗಲ ಮೇಲೆ ಹಾಕಿ, "ನನಗೂ" ಎಂದಳು.